ಮೂರು ಲ್ಯಾಪ್‌ಟಾಪ್ ಬಳಸಿ ನೋಡಿ ಒಂದನ್ನು ಕೊಂಡೆ

ಒಂದು ಬೆಳಗ್ಗೆ ಲ್ಯಾಪ್‌ಟಾಪ್ ತೆರೆದೆ. ‘ಟಕ್’ ಅಂತ ಸದ್ದಾಯಿತು. ಪರದೆಯ ಎಡಮೂಲೆ ಬಾಯಿಬಿಟ್ಟಿತು. ಒಂದು ಪುಟ್ಟ ಹಿತ್ತಾಳೆ ನಟ್ ಮೇಜಿನ ಮೇಲೆ ಬಿತ್ತು. ಅದಕ್ಕೆ ಪ್ಲಾಸ್ಟಿಕ್ ಚೂರು ಇನ್ನೂ ಅಂಟಿಕೊಂಡೇ ಇತ್ತು. ಪರದೆಯನ್ನು ಕೆಳಭಾಗಕ್ಕೆ ಜೋಡಿಸುವ ಹಿಂಜ್ ಕಿತ್ತುಬಂದಿತ್ತು.

ಕೊಂಡು 10 ತಿಂಗಳಷ್ಟೇ ಆಗಿತ್ತು, ವಾರಂಟಿ ಇತ್ತು. ಸರ್ವಿಸ್ ಸೆಂಟರ್‌ನವರು ಮಾತ್ರ ‘ಇದು ಫಿಸಿಕಲ್ ಡ್ಯಾಮೇಜ್, ವಾರಂಟಿಗೆ ಬರಲ್ಲ’ ಅಂದುಬಿಟ್ಟರು. ಪರದೆಯ ಹಿಂದಿನ ಕವರ್ ಪೂರ್ತಿ ಬದಲಾಯಿಸಬೇಕಾಯಿತು. ದುಡ್ಡೂ ನನ್ನದೇ. ಲ್ಯಾಪ್‌ಟಾಪ್ ಕೈಗೆ ಬಂದಿದ್ದು 23 ದಿನಗಳ ಮೇಲೆ. ಅಷ್ಟು ದಿನ ಅವರಿವರ ಲ್ಯಾಪ್‌ಟಾಪ್ ಕೇಳಿಕೊಂಡು ಕೆಲಸ ಮಾಡಿದೆ. ಆ ಲ್ಯಾಪ್‌ಟಾಪ್ ಕೊಳ್ಳುವಾಗ ನಾನು ನೋಡಿದ್ದು ಬೆಲೆ, ಪ್ರೊಸೆಸರ್ ಎರಡನ್ನೇ. ಕೆಟ್ಟರೆ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿರಲೇ ಇಲ್ಲ.

ಹಾಗಾಗಿ ಈ ಸಲ ಎರಡು ವಿಷಯ ಗಟ್ಟಿ ಮಾಡಿಕೊಂಡೆ. ಒಂದು, ಕನಿಷ್ಠ ಒಂದು ವಾರ ಬಳಸಿ ನೋಡದೆ ಕೊಳ್ಳಬಾರದು. ಎರಡು, ದುಡ್ಡು ಕೊಡುವ ಮೊದಲೇ ಆ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಬೇಕು.

ಬಳಸಿ ನೋಡಲು ಮೂರು ಲ್ಯಾಪ್‌ಟಾಪ್ ಸಿಕ್ಕವು. ಯಾವುದಕ್ಕೂ ಆರು ತಿಂಗಳು ತುಂಬಿರಲಿಲ್ಲ. ಮೊದಲನೆಯದು ನನ್ನ ತಮ್ಮನದು. 15.6 ಇಂಚಿನ ಪರದೆ, ಇಂಟೆಲ್ ಕೋರ್ ಐ5-1235ಯು, 8 ಜಿಬಿ ರ‍್ಯಾಮ್. ನೋಡೋಕೆ ಚೆಂದ, ಅದನ್ನು ‘ತೆಳ್ಳಗಿನದು’ ಅಂತ ಕರೆಯುತ್ತೇನೆ. ಎರಡನೆಯದು ಸಹೋದ್ಯೋಗಿಯೊಬ್ಬರದು. ಆಫೀಸುಗಳಿಗೆ ಅಂತಲೇ ಮಾರುವ ಸರಣಿಯ 14 ಇಂಚಿನ ಲ್ಯಾಪ್‌ಟಾಪ್, ಎಎಂಡಿ ರೈಜೆನ್ 5 7530ಯು. ಇದು ‘ಆಫೀಸಿನದು’ ಅಂತಿರಲಿ. ಮೂರನೆಯದು ಚಿಕ್ಕಮ್ಮನ ಮಗಳ ಮ್ಯಾಕ್‌ಬುಕ್ ಏರ್, ಎಂ2 ಚಿಪ್, 16 ಜಿಬಿ.

ನನ್ನ ಕೆಲಸ ಅನುವಾದ ಮತ್ತು ಪುಟವಿನ್ಯಾಸ. ಬ್ರೌಸರ್‌ನಲ್ಲಿ 20-25 ಟ್ಯಾಬ್ ಯಾವಾಗಲೂ ತೆರೆದಿರುತ್ತವೆ. ದಿನಕ್ಕೊಂದು ವಿಡಿಯೋ ಕಾಲ್, ಅಪರೂಪಕ್ಕೆ ಸಣ್ಣ ವಿಡಿಯೋ ಎಡಿಟಿಂಗ್. ಗೇಮ್ ಆಡುವುದಿಲ್ಲ. ಮುಂದೆ ಬರೆದಿರುವುದನ್ನು ಈ ಕೆಲಸದ ಲೆಕ್ಕದಲ್ಲೇ ಓದಿ.

ಬೆಲೆ ದಿನಕ್ಕೊಂದು ಥರ ಏರಿಳಿಯುತ್ತದೆ. ಅದಕ್ಕೇ ನಾನು ಒಂದಕ್ಕೊಂದು ಹೋಲಿಸಿಯೇ ಲೆಕ್ಕ ಹಾಕಿದೆ. ತೆಳ್ಳಗಿನದರ ಬೆಲೆ 100 ಅಂತ ಇಟ್ಟುಕೊಂಡರೆ ಆಫೀಸಿನದು 120, ಮ್ಯಾಕ್‌ಬುಕ್ 175. ಮೊದಲ ನೋಟಕ್ಕೆ ತೆಳ್ಳಗಿನದೇ ಲಾಭ ಅನ್ನಿಸಿತ್ತು.

ಪ್ರೊಸೆಸರ್ ಹೆಸರಿನಲ್ಲಿ ಮೋಸ ಹೋಗುವುದು ತುಂಬ ಸುಲಭ. ಆಫೀಸಿನದರ ಜೊತೆಗೇ ಇನ್ನೊಂದು ಲ್ಯಾಪ್‌ಟಾಪ್ ನೋಡಿದ್ದೆ. ಅದರಲ್ಲಿ ರೈಜೆನ್ 5 7520ಯು ಇತ್ತು, ಬೆಲೆಯೂ ಕಡಿಮೆ. 7520, 7530, ಎರಡಕ್ಕೂ ಏನು ಮಹಾ ವ್ಯತ್ಯಾಸ ಅಂದುಕೊಂಡಿದ್ದೆ. ಎಎಂಡಿಯ ಈ ಸರಣಿಯಲ್ಲಿ ನೋಡಬೇಕಾದ್ದು ಮೂರನೇ ಅಂಕಿ. ಅಲ್ಲಿ 2 ಇದ್ದರೆ ಒಳಗಿರುವುದು ಝೆನ್ 2, ಅಂದರೆ 2019ರಲ್ಲಿ ಬಂದ ವಿನ್ಯಾಸ. 3 ಇದ್ದರೆ ಅದರ ನಂತರದ ಪೀಳಿಗೆ. 7520ಯುನಲ್ಲಿ 4 ಕೋರ್ (ಲೆಕ್ಕ ಮಾಡುವ ಘಟಕ), 7530ಯುನಲ್ಲಿ 6 ಕೋರ್. ಹೊರಗೆ ಎರಡರ ಮೇಲೂ ಅಂಟಿಸಿರುವುದು ಅದೇ ‘ರೈಜೆನ್ 5’ ಸ್ಟಿಕ್ಕರ್. ಇಂಟೆಲ್‌ನಲ್ಲೂ ಇಂಥದ್ದಿದೆ. ಐ5-1235ಯುಗೆ 10 ಕೋರ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಆದರೆ ಅದರಲ್ಲಿ ವೇಗದ ಕೋರ್‌ಗಳು 2 ಮಾತ್ರ. ಉಳಿದ 8 ವಿದ್ಯುತ್ ಉಳಿಸುವ ಪುಟ್ಟ ಕೋರ್‌ಗಳು. ಹಾಗಂತ ಅದು ಕೆಟ್ಟ ಪ್ರೊಸೆಸರ್ ಅಲ್ಲ. ನನ್ನ ಕೆಲಸಕ್ಕೆ ಮೂರೂ ಸಾಕಷ್ಟು ವೇಗವಾಗಿಯೇ ಇದ್ದವು.

ನಿಜವಾದ ತೊಂದರೆ ಶುರುವಾಗಿದ್ದು ರ‍್ಯಾಮ್‌ನಿಂದ. ತೆಳ್ಳಗಿನದನ್ನು ಸುಮ್ನೆ ಆನ್ ಮಾಡಿ ಬಿಟ್ಟರೇ 8 ಜಿಬಿಯಲ್ಲಿ ಮೂರೂವರೆ ಆಗಲೇ ಬಳಕೆಯಾಗಿರುತ್ತಿತ್ತು. ಬ್ರೌಸರ್ ತೆರೆದು, ಪುಟವಿನ್ಯಾಸದ ಫೈಲ್ ತೆರೆದು, ವಿಡಿಯೋ ಕಾಲ್‌ಗೆ ಸೇರಿದರೆ ಮುಗಿಯಿತು. ಟ್ಯಾಬ್ ಬದಲಾಯಿಸಿದಾಗಲೆಲ್ಲ ಒಂದೆರಡು ಸೆಕೆಂಡ್ ಕಾಯಬೇಕು. ಆ ಎರಡು ಸೆಕೆಂಡ್ ದಿನಕ್ಕೆ ನೂರು ಸಲ ಬಂದರೆ ಎಷ್ಟು ಕಿರಿಕಿರಿ ಅಲ್ವಾ? ಹೋಗಲಿ, ರ‍್ಯಾಮ್ ಹೆಚ್ಚಿಸೋಣ ಅಂದರೆ ಅದು ಮದರ್‌ಬೋರ್ಡ್‌ಗೇ ಬೆಸೆದುಕೊಂಡಿದೆ. ಬೇರೆ ಸ್ಲಾಟ್ ಇಲ್ಲ. ಮ್ಯಾಕ್‌ಬುಕ್‌ನಲ್ಲೂ ರ‍್ಯಾಮ್, ಸ್ಟೋರೇಜ್ ಎರಡನ್ನೂ ಆಮೇಲೆ ಬದಲಾಯಿಸಲು ಆಗುವುದಿಲ್ಲ, ಕೊಳ್ಳುವಾಗಲೇ ಸಾಕಾಗುವಷ್ಟು ತೆಗೆದುಕೊಳ್ಳಬೇಕು. 2024ರ ಅಕ್ಟೋಬರ್‌ನಿಂದ ಏರ್ ಮಾಡೆಲ್‌ಗಳಿಗೆ 16 ಜಿಬಿಯನ್ನೇ ಕನಿಷ್ಠ ಮಾಡಿದ್ದು ಒಳ್ಳೆಯ ಕೆಲಸ.

ಆಫೀಸಿನದರಲ್ಲಿ ಎರಡು ಸ್ಲಾಟ್. ಕೊಂಡಾಗ ಒಂದರಲ್ಲಿ 8 ಜಿಬಿ ಇರುತ್ತದೆ, ಇನ್ನೊಂದು ಖಾಲಿ. ಸಹೋದ್ಯೋಗಿ ಆಗಲೇ ಇನ್ನೊಂದು 8 ಜಿಬಿ ಹಾಕಿಕೊಂಡಿದ್ದರು. ಎರಡು ಸ್ಟಿಕ್ ಇದ್ದರೆ ಬರೀ ಜಾಗ ಜಾಸ್ತಿಯಾಗುವುದಲ್ಲ, ಮಾಹಿತಿ ಓಡಾಡುವ ದಾರಿಯೂ ಅಗಲವಾಗುತ್ತದೆ. ಡಿಡಿಆರ್4-3200 ಅನ್ನುವ ಬಗೆಯ ಒಂದೇ ಸ್ಟಿಕ್ ಇದ್ದರೆ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಓಡಾಡಬಹುದು. ಎರಡಿದ್ದರೆ 51.2. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಚಿತ್ರ, ವಿಡಿಯೋ ಎಲ್ಲವೂ ಈ ರ‍್ಯಾಮ್ ಮೇಲೇ ನಡೆಯುವುದರಿಂದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನೀವು ನೋಡುತ್ತಿರುವ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಎಷ್ಟು ಸ್ಲಾಟ್ ತುಂಬಿವೆ ಅಂತ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಪುಟದಲ್ಲಿ ನೋಡಬಹುದು. ರ‍್ಯಾಮ್ ಬೆಸೆದಿದೆಯೋ ಇಲ್ಲವೋ ಅಂತ ಕಂಪನಿಯ ಸ್ಪೆಕ್ ಶೀಟಿನಲ್ಲೂ ಖಚಿತ ಮಾಡಿಕೊಳ್ಳಿ.

ಪರದೆಯ ವಿಷಯಕ್ಕೆ ಬಂದರೆ ಮ್ಯಾಕ್‌ಬುಕ್ ಮುಂದೆ ಉಳಿದೆರಡು ನಿಲ್ಲುವುದೇ ಇಲ್ಲ. ದಾಸವಾಳ ಹೂವಿನ ಒಂದೇ ಫೋಟೋವನ್ನು ಮೂರರಲ್ಲೂ ತೆರೆದು ಪಕ್ಕಪಕ್ಕ ಇಟ್ಟೆ. ಮ್ಯಾಕ್‌ಬುಕ್‌ನಲ್ಲಿ ಎಸಳಿನ ಗೆರೆ ಗೆರೆಯೂ ಕಾಣಿಸುವ ಗಾಢ ಕೆಂಪು. ಆಫೀಸಿನದರಲ್ಲಿ ಅದೇ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ತೆಳ್ಳಗಿನದರಲ್ಲಿ ಇನ್ನೂ ಮಂಕು. ಕಾರಣ ಸ್ಪೆಕ್ ಶೀಟಿನಲ್ಲೇ ಇದೆ, ನಾವು ಓದುವುದಿಲ್ಲ ಅಷ್ಟೇ. ಆ ಎರಡರಲ್ಲೂ ‘45% ಎನ್‌ಟಿಎಸ್‌ಸಿ’ ಅಂತ ಸಣ್ಣಕ್ಷರದಲ್ಲಿ ಬರೆದಿದೆ, ಪರದೆ ಎಷ್ಟು ಬಣ್ಣ ತೋರಿಸುತ್ತದೆ ಅನ್ನುವ ಅಳತೆ ಅದು. ಅಂದರೆ ವೆಬ್‌ನಲ್ಲಿ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಸುಮಾರು ಮೂರನೇ ಎರಡು ಭಾಗವನ್ನಷ್ಟೇ ಆ ಪರದೆ ತೋರಿಸಬಲ್ಲದು. ಬೆಳಕು ತೆಳ್ಳಗಿನದರಲ್ಲಿ 250 ನಿಟ್ಸ್, ಆಫೀಸಿನದರಲ್ಲಿ 300, ಮ್ಯಾಕ್‌ಬುಕ್‌ನಲ್ಲಿ 500. ಕಿಟಕಿ ಪಕ್ಕ ಕೂತು ಕೆಲಸ ಮಾಡಿದಾಗ 250 ನಿಟ್ಸ್ ಪರದೆಯಲ್ಲಿ ನನ್ನ ಮುಖವೇ ಜಾಸ್ತಿ ಕಾಣಿಸಿತು. ಫೋಟೋ, ಡಿಸೈನ್ ನಿಮ್ಮ ಹೊಟ್ಟೆಪಾಡಾದರೆ ಇಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಬ್ಯಾಟರಿಗೆ ನಾನು ಒಂದು ಸರಳ ಭಾಗಾಕಾರ ಮಾಡುತ್ತೇನೆ. ಬ್ಯಾಟರಿ ಎಷ್ಟು ವ್ಯಾಟ್-ಅವರ್ (ಅದು ಹಿಡಿದಿಡುವ ವಿದ್ಯುತ್ತಿನ ಅಳತೆ) ಅಂತ ನೋಡಿ, ಅದು ಎಷ್ಟು ಗಂಟೆ ಬಂತೋ ಅದರಿಂದ ಭಾಗಿಸುವುದು. ತೆಳ್ಳಗಿನದು 42 ವ್ಯಾಟ್-ಅವರ್, ನನ್ನ ಕೆಲಸಕ್ಕೆ 4 ಗಂಟೆ 40 ನಿಮಿಷ ಬಂತು. ಅಂದರೆ ಸರಾಸರಿ 9 ವ್ಯಾಟ್ ಕುಡಿಯುತ್ತಿದೆ. ಆಫೀಸಿನದು 57, ಬಂದಿದ್ದು 7 ಗಂಟೆ. 8 ವ್ಯಾಟ್‌ಗೆ ಸ್ವಲ್ಪ ಮೇಲೆ. ಮ್ಯಾಕ್‌ಬುಕ್ 52.6, 11 ಗಂಟೆ ಬಂತು. 5 ವ್ಯಾಟ್ ಕೂಡ ಇಲ್ಲ. ಫ್ಯಾನೇ ಇಲ್ಲದೆ ಅದು ತಣ್ಣಗೆ ಓಡುವ ಗುಟ್ಟು ಇಲ್ಲೇ ಇದೆ. ತೂಕವೂ 1.24 ಕಿಲೋ ಅಷ್ಟೇ. ಚಾರ್ಜರ್ ವಿಷಯದಲ್ಲಿ ತೆಳ್ಳಗಿನದಕ್ಕೆ ಮತ್ತೆ ಕಡಿಮೆ ಅಂಕ. ಅದರದ್ದು ಹಳೆಯ ದುಂಡು ಪಿನ್. ಉಳಿದೆರಡೂ ಟೈಪ್-ಸಿಯಲ್ಲಿ ಚಾರ್ಜ್ ಆಗುತ್ತವೆ.

ಕೀಬೋರ್ಡ್ ಆಫೀಸಿನದೇ ನನಗೆ ಇಷ್ಟವಾಯಿತು, ಕೀಲಿಗಳು ಚೆನ್ನಾಗಿ ಒಳಗಿಳಿಯುತ್ತವೆ. ದಿನವಿಡೀ ಟೈಪ್ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಇನ್ನು ಕಸ್ಟಮರ್ ಕೇರ್. ಮೂರೂ ಕಡೆ ನಾನು ಕೇಳಿದ್ದು ಮೂರೇ ಪ್ರಶ್ನೆ. ಕೆಟ್ಟರೆ ನಾನು ಹೊತ್ತು ತರಬೇಕೋ, ನೀವೇ ಮನೆಗೆ ಬರುತ್ತೀರೋ? ವಾರಂಟಿ ಮುಗಿದ ಮೇಲೆ ಕೀಬೋರ್ಡ್ ಹೋದರೆ ಬಿಡಿಭಾಗ ಸಿಗುತ್ತಾ, ಎಷ್ಟಾಗುತ್ತೆ? ನಾನೇ ಬಿಚ್ಚಿ ರ‍್ಯಾಮ್ ಹಾಕಿದರೆ ವಾರಂಟಿ ಹೋಗುತ್ತಾ?

ತೆಳ್ಳಗಿನದರ ಕಂಪನಿಯಲ್ಲಿ 38 ನಿಮಿಷ ಕಾದೆ. ಮೂರು ಜನರ ಕೈ ಬದಲಾಯಿತು. ಪ್ರತಿಯೊಬ್ಬರಿಗೂ ಕಥೆ ಮೊದಲಿನಿಂದ ಹೇಳಬೇಕಾಯಿತು. ಹೊತ್ತು ತರಬೇಕು ಅನ್ನುವುದೊಂದೇ ಸ್ಪಷ್ಟವಾಗಿ ಸಿಕ್ಕ ಉತ್ತರ. ಉಳಿದದ್ದಕ್ಕೆ ‘ಸರ್ವಿಸ್ ಸೆಂಟರ್‌ನಲ್ಲಿ ಕೇಳಿ ಸರ್’ ಅಂದರು.

ಆಫೀಸಿನದರ ಕಂಪನಿಯಲ್ಲಿ ಆರು ನಿಮಿಷಕ್ಕೆ ಒಬ್ಬರು ಸಿಕ್ಕರು. ಮಾಡೆಲ್ ನಂಬರ್ ಕೇಳಿಕೊಂಡರು. ಮೊದಲ ವರ್ಷ ಆನ್‌ಸೈಟ್, ಅಂದರೆ ಮನೆಗೇ ಬಂದು ರಿಪೇರಿ, ದುಡ್ಡು ಕಟ್ಟಿದರೆ ಮೂರು ವರ್ಷಕ್ಕೆ ಹೆಚ್ಚಿಸಬಹುದು ಅಂದರು. ರ‍್ಯಾಮ್ ನೀವೇ ಹಾಕಬಹುದು, ಹಾಕುವಾಗ ಏನಾದರೂ ಮುರಿದರೆ ಮಾತ್ರ ನಮ್ಮ ಜವಾಬ್ದಾರಿ ಅಲ್ಲ ಅಂದರು. ಯಾವ ಸ್ಕ್ರೂ ಎಲ್ಲಿ ಅನ್ನುವ ಚಿತ್ರಗಳಿರುವ ಸರ್ವಿಸ್ ಮ್ಯಾನುಯಲ್ ಲಿಂಕನ್ನೂ ಮೇಲ್ ಮಾಡಿದರು. ಆ ಮ್ಯಾನುಯಲ್‌ನಲ್ಲಿ ಹಿಂಜ್ ಬಿಚ್ಚುವ ಪುಟ ತೆರೆದು ನೋಡಿದೆ. ಹಿಂಜ್ ಬೇರೆ ಭಾಗ, ಕವರ್ ಬೇರೆ ಭಾಗ. ಒಂದು ಕೆಟ್ಟರೆ ಅದನ್ನಷ್ಟೇ ಬದಲಾಯಿಸಬಹುದು. ನನ್ನ ಮನಸ್ಸು ಅಲ್ಲೇ ಅರ್ಧ ತೀರ್ಮಾನ ಮಾಡಿಬಿಟ್ಟಿತ್ತು.

ಆ್ಯಪಲ್‌ನವರ ಉತ್ತರಗಳೂ ಚುರುಕಾಗಿ, ಗೊಂದಲ ಇಲ್ಲದೆ ಸಿಕ್ಕವು. ಆ್ಯಪಲ್‌ಕೇರ್ ಪ್ಲಸ್ (ದುಡ್ಡು ಕೊಟ್ಟು ಪಡೆಯುವ ಹೆಚ್ಚಿನ ರಕ್ಷಣೆ) ಇದ್ದರೆ ಬ್ಯಾಟರಿ ಮೂಲ ಸಾಮರ್ಥ್ಯದ 80%ಗಿಂತ ಕೆಳಗಿಳಿದಾಗ ಬದಲಾಯಿಸಿಕೊಡುತ್ತಾರೆ. ಅದು ಒಳ್ಳೆಯ ಮಾತು.

ಈಗ ಬೆಲೆಯ ಲೆಕ್ಕ ಇನ್ನೊಂದು ಸಲ. ಆಫೀಸಿನದು 120. ರ‍್ಯಾಮ್‌ಗೆ 5, ಮೂರು ವರ್ಷದ ಆನ್‌ಸೈಟ್ ವಾರಂಟಿಗೆ 12. ಒಟ್ಟು 137. ತೆಳ್ಳಗಿನದು ವಾರಂಟಿ ಹೆಚ್ಚಿಸಿದರೆ 110, ಆದರೆ 8 ಜಿಬಿಯಲ್ಲೇ ನಿಲ್ಲುತ್ತದೆ. ಎರಡೇ ವರ್ಷಕ್ಕೆ ಬೇರೆ ನೋಡಬೇಕಾಗುತ್ತದೆ ಅಂತ ನನಗೆ ಅನ್ನಿಸಿತು. ಮ್ಯಾಕ್‌ಬುಕ್ 175, ಆ್ಯಪಲ್‌ಕೇರ್ ಸೇರಿದರೆ ಇನ್ನೂ ಮೇಲೆ. ನನ್ನ ಹಳೆಯ ಸಾಫ್ಟ್‌ವೇರ್ ಒಂದು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಅದಿಲ್ಲದಿದ್ದರೆ, ಕೈಯಲ್ಲಿ ಅಷ್ಟು ದುಡ್ಡಿದ್ದಿದ್ದರೆ, ಆ ಪರದೆ ಮತ್ತು ಬ್ಯಾಟರಿಗೋಸ್ಕರ ಮ್ಯಾಕ್‌ಬುಕ್ಕೇ ತೆಗೆದುಕೊಳ್ಳುತ್ತಿದ್ದೆ. ಬರೀ ಟಿಪ್ಪಣಿ, ಇಮೇಲ್, ಆನ್‌ಲೈನ್ ಕ್ಲಾಸ್ ಇರುವವರಿಗೆ ತೆಳ್ಳಗಿನದೂ ಸಾಕು. ಆದರೆ 16 ಜಿಬಿ ಮಾದರಿ ಸಿಕ್ಕರೆ ಅದನ್ನೇ ಕೇಳಿ.

ನಾನು ಆಫೀಸಿನದನ್ನು ಕೊಂಡೆ. ಬಣ್ಣ ನೋಡಲು ಮನೆಯಲ್ಲಿ ಒಂದು ಮಾನಿಟರ್ ಇದೆ, ಅದಕ್ಕೆ ಜೋಡಿಸಿಕೊಳ್ಳುತ್ತೇನೆ. ಮೊದಲ ವಾರ ಒಂದೇ ಸ್ಟಿಕ್‌ನಲ್ಲಿ ಬಳಸಿದೆ. ಆಮೇಲೆ ಮ್ಯಾನುಯಲ್ ನೋಡಿಕೊಂಡು ನಾನೇ ಎರಡನೆಯದನ್ನು ಹಾಕಿದೆ. ವಿಡಿಯೋ ಎಡಿಟಿಂಗ್‌ನಲ್ಲಿ ಪ್ರಿವ್ಯೂ ತಡವರಿಸುವುದು ಅವತ್ತೇ ನಿಂತಿತು.

ಐದನೇ ತಿಂಗಳಲ್ಲಿ ಸ್ಪೇಸ್ ಬಾರ್ ಎಡಗಡೆ ಒತ್ತಿದರೆ ಕೆಲಸ ಮಾಡುತ್ತಿರಲಿಲ್ಲ. ಸೋಮವಾರ ಮಧ್ಯಾಹ್ನ ಫೋನ್ ಮಾಡಿದೆ. ಬುಧವಾರ ಬೆಳಗ್ಗೆ ಟೆಕ್ನಿಶಿಯನ್ ಬಂದರು, ಕೈಯಲ್ಲಿ ಹೊಸ ಕೀಬೋರ್ಡ್ ಡಬ್ಬ. ಬಿಚ್ಚಿದ ಸ್ಕ್ರೂಗಳನ್ನು ಒಂದು ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟುಕೊಂಡರು. ಯಾವುದು ಎಲ್ಲಿಂದ ಬಂತು ಅಂತ ಪಕ್ಕದಲ್ಲೇ ಪೆನ್ನಿನಲ್ಲಿ ಗುರುತು ಹಾಕಿದರು. 25 ನಿಮಿಷಕ್ಕೆ ಎಲ್ಲ ಮುಗಿಯಿತು. ಹೊರಡುವ ಮೊದಲು ಹಿಂಜ್ ಸ್ಕ್ರೂಗಳನ್ನೂ ಒಮ್ಮೆ ನೋಡಿ ಅಂತ ಕೇಳಿಕೊಂಡೆ. ಒಂದು ಸ್ವಲ್ಪ ಸಡಿಲವಾಗಿತ್ತು, ಬಿಗಿ ಮಾಡಿಕೊಟ್ಟು ಹೋದರು.