ಮನೆಯ ಡಿಬಿಗೆ (ಡಿಸ್ಟ್ರಿಬ್ಯೂಷನ್ ಬೋರ್ಡಿಗೆ) 30 ಮಿಲಿಆಂಪ್ ಆರ್‌ಸಿಸಿಬಿ: ಒಂದೇ ಸಾಕೇ, ಆರ್‌ಸಿಬಿಒ ಬೇಕೇ?

ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ "ಮನೆಗೊಂದು ಇಎಲ್‌ಸಿಬಿ ಕೊಡಿ" ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಎರಡು ಪೋಲಿನ, 40 ಆಂಪ್, 30 ಮಿಲಿಆಂಪ್ ಆರ್‌ಸಿಸಿಬಿ. ಹ್ಯಾವೆಲ್ಸ್, ಲೆಗ್ರಾಂಡ್, ಷ್ನೈಡರ್, ಸೀಮೆನ್ಸ್, ಎಬಿಬಿ, ಯಾವ ಹೆಸರಿನದಾದರೂ ಮಾಡುವ ಕೆಲಸ ಒಂದೇ: ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂದಿತೇ ಎಂದು ನೋಡುವುದು, ಬರದಿದ್ದರೆ ಎರಡನ್ನೂ ಕಡಿಯುವುದು. ನಮ್ಮ ತೀರ್ಪನ್ನು ಮೊದಲೇ ಹೇಳುತ್ತೇವೆ. ಇದು ಪ್ರತಿ ಮನೆಗೂ ಬೇಕೇ ಬೇಕು. ಆದರೆ ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಕೂರಿಸಿ ಕೈತೊಳೆದುಕೊಳ್ಳುವ ರೂಢಿ ಸರಿಯಲ್ಲ. ಗೀಸರ್, ಸಂಪ್ ಮೋಟರ್ ಮತ್ತು ಅಡುಗೆಮನೆಗಾದರೂ ಪ್ರತ್ಯೇಕ ಆರ್‌ಸಿಬಿಒ (ಸೋರಿಕೆಯನ್ನೂ ಓವರ್‌ಲೋಡನ್ನೂ ಒಟ್ಟಿಗೆ ನೋಡಿಕೊಳ್ಳುವ ಸಾಧನ) ಹಾಕಿಸಿ.

ಓವರ್‌ಲೋಡ್ ಅಥವಾ ಶಾರ್ಟ್ ಸರ್ಕ್ಯೂಟ್ ಆದರೆ ತಾನಾಗಿ ಬೀಳುವ (ಟ್ರಿಪ್ ಆಗುವ) ಎಂಸಿಬಿ ಇರುವಾಗ ಇದೇಕೆ ಎಂದು ಕೇಳುವವರಿಗೆ ಲೆಕ್ಕವೇ ಉತ್ತರ. ಮನೆಯ ಅರ್ತ್ ಪಿಟ್ಟಿನ ರೆಸಿಸ್ಟೆನ್ಸ್ 5 ಓಮ್ ಇದೆ ಅಂದುಕೊಳ್ಳಿ, ಅದು ಚೆನ್ನಾಗಿರುವ ಪಿಟ್ಟೇ. ಗೀಸರಿನ ಕಾಯಿಲ್ ಒಡೆದು ಫೇಸ್ ನೇರ ಬಾಡಿಗೆ ತಗುಲಿದರೆ ಹರಿಯುವುದು ಹೆಚ್ಚೆಂದರೆ 230 ಭಾಗಿಸು 5, ಅಂದರೆ 46 ಆಂಪ್. ಟ್ರಾನ್ಸ್‌ಫಾರ್ಮರ್ ಕಡೆಯ ಅರ್ತ್ ಸೇರಿಸಿದರೆ ಇನ್ನೂ ಕಡಿಮೆ. ಸಿ ಕರ್ವ್‌ನ 20 ಆಂಪ್ ಎಂಸಿಬಿ ತಕ್ಷಣ ಬೀಳಲು ಅದರ ರೇಟಿಂಗಿನ 5ರಿಂದ 10 ಪಟ್ಟು, ಅಂದರೆ 100ರಿಂದ 200 ಆಂಪ್ ಬೇಕು. 46 ಆಂಪಿಗೆ ಒಳಗಿನ ಬೈಮೆಟಲ್ ಪಟ್ಟಿ ಕಾದು ಬಾಗುವವರೆಗೆ ಕಾಯಬೇಕು, ಅದಕ್ಕೆ ಒಂದು ನಿಮಿಷ ಮೀರಿದರೂ ಆಶ್ಚರ್ಯವಿಲ್ಲ. ಅಲ್ಲಿಯವರೆಗೆ ಗೀಸರ್ ಬಾಡಿಯಲ್ಲೂ ಅದರ ನಲ್ಲಿಯಲ್ಲೂ ಪ್ರಾಣಕ್ಕೆ ಅಪಾಯ ತರುವಷ್ಟು ವೋಲ್ಟೇಜ್ ನಿಂತಿರುತ್ತದೆ. 30 ಮಿಲಿಆಂಪ್ ಆರ್‌ಸಿಸಿಬಿಯಾದರೆ ತನ್ನ ರೇಟಿಂಗಿನಷ್ಟು ಸೋರಿಕೆಗೆ 300 ಮಿಲಿಸೆಕೆಂಡಿನೊಳಗೆ, ಐದು ಪಟ್ಟು ಸೋರಿದರೆ 40 ಮಿಲಿಸೆಕೆಂಡಿನೊಳಗೆ ಕಡಿಯಬೇಕು. ಬೇಸಿಗೆಯಲ್ಲಿ ಮಣ್ಣು ಒಣಗಿ ಪಿಟ್ಟಿನ ರೆಸಿಸ್ಟೆನ್ಸ್ ನೂರು ಓಮ್ ದಾಟಿದರೂ ಇದು ಕೆಲಸ ಮಾಡುತ್ತದೆ. ಹಾಗೆಂದು ಅರ್ತಿಂಗ್ ಬಿಡಬಹುದು ಎಂದಲ್ಲ. ಅರ್ತ್ ವೈರ್ ಇಲ್ಲದಿದ್ದರೆ ಸೋರಿಕೆಗೆ ದಾರಿಯಾಗುವುದು ಮುಟ್ಟಿದವರ ಮೈ; ಟ್ರಿಪ್ ಆಗುತ್ತದೆ, ಆದರೆ ಶಾಕ್ ಹೊಡೆದ ಮೇಲೆ.

ಇದರಿಂದ ಆಗದ ಕೆಲಸಗಳನ್ನೂ ತಿಳಿದಿರಬೇಕು. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು ಮರದ ಸ್ಟೂಲಿನ ಮೇಲೆ ನಿಂತವರನ್ನು ಇದು ಉಳಿಸದು, ಏಕೆಂದರೆ ಹೋದಷ್ಟೂ ಕರೆಂಟು ವಾಪಸ್ ಬರುತ್ತಿರುತ್ತದೆ. ತ್ರೀ ಫೇಸ್ ಮನೆಗಳಲ್ಲಿ ಬೀದಿಯ ನ್ಯೂಟ್ರಲ್ ಕಡಿದು ಟಿವಿ, ಫ್ರಿಜ್ಜುಗಳಿಗೆ 300 ವೋಲ್ಟಿಗೂ ಮೇಲೆ ನುಗ್ಗಿದರೆ ಅದನ್ನೂ ಇದು ತಡೆಯದು, ಅದಕ್ಕೆ ಓವರ್ ವೋಲ್ಟೇಜ್ ಪ್ರೊಟೆಕ್ಷನ್ ಬೇರೆ ಬೇಕು. ಬಹಳಷ್ಟು ಬೋರ್ಡುಗಳಲ್ಲಿ ನಾವು ಕಾಣುವ ತಪ್ಪು ಇನ್ನೊಂದು. ಆರ್‌ಸಿಸಿಬಿಗೆ ಓವರ್‌ಲೋಡ್ ಗೊತ್ತಾಗುವುದಿಲ್ಲ. ಹಿಂದೆ 63 ಆಂಪ್ ಐಸೊಲೇಟರ್, ಮುಂದೆ 6, 6, 16, 16, 20 ಆಂಪಿನ ಎಂಸಿಬಿಗಳು: ಎಲ್ಲ ಸೇರಿ 64. ನಡುವಿನ 40 ಆಂಪ್ ಆರ್‌ಸಿಸಿಬಿಯಲ್ಲಿ 55 ಆಂಪ್ ಹರಿದರೂ ಕೇಳುವವರಿಲ್ಲ, ಒಳಗಿನ ಕಾಂಟ್ಯಾಕ್ಟುಗಳು ಕಾದು ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುತ್ತದೆ. ಐಸೊಲೇಟರ್ ಬರೀ ಸ್ವಿಚ್ಚು, ಅದು ಯಾವುದನ್ನೂ ಕಾಯುವುದಿಲ್ಲ. ಆ ಜಾಗದಲ್ಲಿ ಎರಡು ಪೋಲಿನ 32 ಅಥವಾ 40 ಆಂಪ್ ಎಂಸಿಬಿ ಹಾಕಿ. ಶಾರ್ಟ್ ಸರ್ಕ್ಯೂಟಿಗೂ ಅದೇ ಆಸರೆ: ಆರ್‌ಸಿಸಿಬಿ ತಾನಾಗಿ ಕಡಿಯಬಲ್ಲದು ಎಂದು ಅದರ ಮಾನಕ (ಐಎಸ್ 12640) ಕೇಳುವುದು ಕನಿಷ್ಠ 500 ಆಂಪನ್ನು ಮಾತ್ರ. ಮೈಮೇಲೆ ಬರೆದ 6000 ಅಥವಾ 10000 ಅನ್ವಯಿಸುವುದು ತಯಾರಕರು ಹೇಳಿದ ಬ್ಯಾಕಪ್ ಎಂಸಿಬಿ ಅಥವಾ ಫ್ಯೂಸ್ ಹಿಂದೆ ಇದ್ದಾಗಲೇ.

ಇನ್ನು ಜನರ ಮುಖ್ಯ ದೂರು, "ಸುಮ್ಮಸುಮ್ಮನೆ ಬೀಳುತ್ತದೆ" ಎಂಬುದು. ಸುಮ್ಮನೆ ಬೀಳುವುದು ಅಪರೂಪ. 30 ಎಂದು ಬರೆದ ಸಾಧನ 15ರಿಂದ 30 ಮಿಲಿಆಂಪಿನ ನಡುವೆ ಎಲ್ಲಿ ಬೇಕಾದರೂ ಬೀಳಬಹುದು, ಮಾನಕವೇ ಅದಕ್ಕೆ ಅವಕಾಶ ಕೊಟ್ಟಿದೆ. ಕಂಪ್ಯೂಟರ್, ವಾಷಿಂಗ್ ಮಷೀನ್, ಇನ್ವರ್ಟರ್ ಎಸಿಗಳ ಫಿಲ್ಟರುಗಳು ತಲಾ ಒಂದೆರಡು ಮಿಲಿಆಂಪ್ ಅರ್ತಿಗೆ ಬಿಡುತ್ತಲೇ ಇರುತ್ತವೆ. ಅವೆಲ್ಲ ಸೇರಿ ಹತ್ತು ಆಯಿತೆಂದರೆ ಮಳೆಗಾಲದ ಒಂದು ತೇವದ ಹೊರಗಿನ ಲೈಟೇ ಮನೆಯನ್ನೆಲ್ಲ ಕತ್ತಲು ಮಾಡುತ್ತದೆ. ಊರಿಗೆ ಹೋದವರ ಫ್ರಿಜ್ಜಿನಲ್ಲಿದ್ದದ್ದೆಲ್ಲ ಕೊಳೆಯುತ್ತದೆ. ಆಮೇಲೆ ಯಾರೋ ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಕೊಡುತ್ತಾರೆ. ಒಂದೇ ಆರ್‌ಸಿಸಿಬಿಯ ರೂಢಿಗೆ ನಮ್ಮ ವಿರೋಧವಿರುವುದು ಇದಕ್ಕಾಗಿಯೇ: ಕೊನೆಗೆ ಅದು ರಕ್ಷಣೆಯೇ ಇಲ್ಲದ ಮನೆಯಾಗುತ್ತದೆ.

ಆರ್‌ಸಿಬಿಒ ಎಂದರೆ ಎಂಸಿಬಿಯೂ ಆರ್‌ಸಿಸಿಬಿಯೂ ಒಂದರಲ್ಲೇ. ಬೆಲೆ ಹೆಚ್ಚು, ಆದರೆ ಸೋರಿದ ಸರ್ಕ್ಯೂಟ್ ಮಾತ್ರ ಬೀಳುತ್ತದೆ. ಎರಡು ಬೆಡ್‌ರೂಮಿನ ಸಿಂಗಲ್ ಫೇಸ್ ಮನೆಗೆ ನಾವು ಹೇಳುವುದು ಹೀಗೆ: ಎರಡೂ ಗೀಸರುಗಳಿಗೆ ತಲಾ 16 ಆಂಪ್, ಅಡುಗೆಮನೆಗೆ 20, ಮೋಟರಿಗೆ 16 ಆಂಪಿನ ಸಿ ಕರ್ವ್ ಆರ್‌ಸಿಬಿಒ. ಫ್ರಿಜ್ಜಿಗೆ ಅದರದೇ ಒಂದು. ಉಳಿದ ಲೈಟು, ಫ್ಯಾನು, 6 ಆಂಪ್ ಪಾಯಿಂಟುಗಳಿಗೆ ಒಂದು ಆರ್‌ಸಿಸಿಬಿ. 16 ಆಂಪಿಗೆ 2.5 ಚದರ ಮಿಲಿಮೀಟರ್, 20 ಆಂಪಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್ ಇರಲಿ. ಕೊಳ್ಳುವಾಗ ನ್ಯೂಟ್ರಲನ್ನೂ ಕಡಿಯುವ ಮಾದರಿಯೇ ಬೇಕೆಂದು ಕೇಳಿ. ಕೆಲವು ಒಂದೇ ಮಾಡ್ಯೂಲಿನ ತೆಳು ಮಾದರಿಗಳು ಫೇಸನ್ನು ಮಾತ್ರ ಕಡಿಯುತ್ತವೆ.

ಹಳೇ ಮನೆಗೆ ಇದನ್ನು ಕೂರಿಸುವಾಗ ತಲೆನೋವು ಕೊಡುವುದು ನ್ಯೂಟ್ರಲ್. ಹಾಲ್‌ನ ಲೈಟಿಗೆ ಫೇಸ್ ಒಂದು ಸರ್ಕ್ಯೂಟಿನಿಂದ, ನ್ಯೂಟ್ರಲ್ ಪಕ್ಕದ ಕೋಣೆಯಿಂದ, ಇಂಥ ವೈರಿಂಗ್ ಎಂಸಿಬಿ ಮಾತ್ರ ಇದ್ದಾಗ ನಡೆದುಹೋಗುತ್ತದೆ. ಆರ್‌ಸಿಬಿಒ ಬಂದ ದಿನ ಆ ಲೈಟ್ ಹಾಕಿದ ಕೂಡಲೇ ಎರಡೂ ಸರ್ಕ್ಯೂಟಿನವು ಬೀಳುತ್ತವೆ. ಯುಪಿಎಸ್ ಲೈನಿನಲ್ಲೂ ಇದೇ ಕಥೆ: ಯುಪಿಎಸ್ಸಿಗೆ ಇನ್‌ಪುಟ್ ಆರ್‌ಸಿಸಿಬಿಯ ನಂತರ ಕೊಟ್ಟು, ಅದರ ಲೈಟುಗಳ ನ್ಯೂಟ್ರಲನ್ನು ಆರ್‌ಸಿಸಿಬಿಯ ಮೊದಲಿನ ನ್ಯೂಟ್ರಲ್ ಬಾರಿಗೆ (ನ್ಯೂಟ್ರಲ್ ವೈರುಗಳನ್ನು ಸೇರಿಸುವ ಲೋಹದ ಪಟ್ಟಿಗೆ) ಕಟ್ಟಿದರೆ ಕರೆಂಟು ಬಂದಾಗಲೆಲ್ಲ ಟ್ರಿಪ್. ಪರಿಹಾರ ಒಂದೇ, ಪ್ರತಿ ಆರ್‌ಸಿಸಿಬಿಗೂ ಪ್ರತ್ಯೇಕ ನ್ಯೂಟ್ರಲ್ ಬಾರ್, ಯುಪಿಎಸ್ ಔಟ್‌ಪುಟ್ಟಿಗೂ ಅದರದೇ ನ್ಯೂಟ್ರಲ್ ಮತ್ತು ಅದರದೇ ಆರ್‌ಸಿಸಿಬಿ.

ದೋಷ ಹುಡುಕುವಾಗ ಎಲ್ಲ ಎಂಸಿಬಿ ಇಳಿಸಿ ಒಂದೊಂದೇ ಏರಿಸುವುದು ಸರಿ, ಆದರೆ ಅಷ್ಟೇ ಸಾಲದು. ಸಿಂಗಲ್ ಪೋಲ್ ಎಂಸಿಬಿ ಫೇಸನ್ನಷ್ಟೇ ಕಡಿಯುತ್ತದೆ. ನ್ಯೂಟ್ರಲ್ ವೈರೇ ಎಲ್ಲೋ ಅರ್ತಿಗೆ ತಾಗಿದ್ದರೆ ಆ ಎಂಸಿಬಿ ಕೆಳಗಿದ್ದರೂ, ಬೇರೆ ಕೋಣೆಯಲ್ಲಿ ಐರನ್ ಬಾಕ್ಸ್ ಹಾಕಿದ ಹೊತ್ತಿಗೆ ಆರ್‌ಸಿಸಿಬಿ ಬೀಳುತ್ತದೆ. ಮೇನ್ ಆಫ್ ಮಾಡಿ ನ್ಯೂಟ್ರಲ್‌ಗಳನ್ನು ಬಾರಿನಿಂದ ಬಿಚ್ಚಿ, ಒಂದೊಂದನ್ನೂ 500 ವೋಲ್ಟ್ ಮೆಗ್ಗರಿನಿಂದ (ಇನ್ಸುಲೇಷನ್ ಅಳೆಯುವ ಮೀಟರಿನಿಂದ) ಅರ್ತಿಗೆ ಅಳೆಯಬೇಕು. ಒಂದು ಮೆಗಾಓಮಿಗಿಂತ ಕಡಿಮೆ ಬಂದ ಸರ್ಕ್ಯೂಟಿನಲ್ಲಿ ದೋಷವಿದೆ. ಅಳೆಯುವ ಮೊದಲು ಎಲ್‌ಇಡಿ, ಟಿವಿ, ಎಸಿಗಳನ್ನು ಬಿಡಿಸಿಡಿ. ಮೇನ್ ಇಳಿಸಿದ ಮೇಲೂ ಅದರ ಇನ್‌ಕಮಿಂಗ್ ಸ್ಕ್ರೂಗಳಲ್ಲಿ ಕರೆಂಟು ಇರುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಈ ಕೆಲಸ ಬಿಡಿ.

ಟೈಪ್ ಎಸಿ, ಟೈಪ್ ಎ ಎಂಬ ಆಯ್ಕೆಯಲ್ಲಿ ಟೈಪ್ ಎ ತೆಗೆದುಕೊಳ್ಳಿ. ಟೈಪ್ ಎಸಿಯ ಮೈಮೇಲೆ ಬರೀ ಒಂದು ಅಲೆಯ ಗುರುತು. ಟೈಪ್ ಎ ಮೇಲೆ ಅಲೆಯ ಕೆಳಗೆ ಅರ್ಧ ಅಲೆಗಳ ಗುರುತೂ ಇರುತ್ತದೆ. ಇನ್ವರ್ಟರ್ ಎಸಿ, ವಾಷಿಂಗ್ ಮಷೀನುಗಳ ಒಳಗಿನ ದೋಷದ ಸೋರಿಕೆ ಡಿಸಿ ಮಿಶ್ರಿತವಾಗಿರಬಹುದು, ಅದಕ್ಕೆ ಟೈಪ್ ಎಸಿ ನಿಧಾನವಾಗಬಹುದು ಅಥವಾ ಬೀಳದೆಯೇ ಇರಬಹುದು. ಆಸ್ಟ್ರೇಲಿಯಾದಲ್ಲಿ 2023ರ ಏಪ್ರಿಲ್ 30ರ ನಂತರ ಟೈಪ್ ಎಸಿ ಹೊಸದಾಗಿ ಹಾಕುವಂತಿಲ್ಲ. ಇವಿ ಚಾರ್ಜರ್ ಹಾಕಿಸುವವರಿಗೆ ಟೈಪ್ ಎ ಕೂಡ ಸಾಲದು: ಚಾರ್ಜರಿನಲ್ಲೇ 6 ಮಿಲಿಆಂಪ್ ಡಿಸಿ ಪತ್ತೆ ಇಲ್ಲದಿದ್ದರೆ ಶುದ್ಧ ಡಿಸಿ ಸೋರಿಕೆಯನ್ನೂ ಗುರುತಿಸುವ ಟೈಪ್ ಬಿ ಬೇಕು.

ಅಪಾರ್ಟ್‌ಮೆಂಟಿನ ಮೀಟರ್ ಬೋರ್ಡಿನಲ್ಲೂ 30, ಮನೆಯೊಳಗೂ 30 ಹಾಕಿದರೆ ಯಾವುದು ಮೊದಲು ಬೀಳುತ್ತದೆಂದು ಹೇಳಲಾಗದು. ಮೀಟರ್ ಬೋರ್ಡಿನದು 100 ಅಥವಾ 300 ಮಿಲಿಆಂಪಿನ, ತಡವಾಗಿ ಬೀಳುವ ಎಸ್ ಟೈಪ್ ಆಗಿರಲಿ. ಕೂರಿಸುವಾಗ ಸ್ಕ್ರೂಗಳನ್ನು ಚೀಟಿಯಲ್ಲಿ ಹೇಳಿದ ಟಾರ್ಕಿಗೆ ಬಿಗಿಯಿರಿ, ಎಳೆಎಳೆಯಾಗಿರುವ ವೈರಿನ ತುದಿಗೆ ಲಗ್ (ಲೋಹದ ಟೋಪಿ) ಹಾಕಿ. ಸಡಿಲ ಸ್ಕ್ರೂ ಸುಟ್ಟದ್ದಕ್ಕೆ ಬ್ರ್ಯಾಂಡನ್ನು ದೂರಿ ಪ್ರಯೋಜನವಿಲ್ಲ. ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ವರ್ಷಗಟ್ಟಲೆ ಅಲುಗಾಡದ ಮೆಕ್ಯಾನಿಸಂ ಹಿಡಿದುಕೊಳ್ಳುತ್ತದೆ. ಬಟನ್ ಒತ್ತಿದಾಗ ಬಿದ್ದರೆ ಸಾಧನ ಸರಿಯಿದೆ ಎಂದಷ್ಟೇ ಅರ್ಥ, ಅರ್ತಿಂಗ್ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಅಂಗಡಿಯಲ್ಲಿ ಐಎಸ್‌ಐ ಗುರುತು, ಐಎಸ್ 12640 ಸಂಖ್ಯೆ ನೋಡಿ, ಅದರ ಜೊತೆಗಿನ ಸಿಎಂ/ಎಲ್ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ತಯಾರಕರ ಹೆಸರು ಹೊಂದುತ್ತದೆಯೇ ಪರೀಕ್ಷಿಸಿ. ಎಲ್ ಅಂಡ್ ಟಿ ಸ್ವಿಚ್‌ಗೇರ್ 2024ರಿಂದ ಲಾರಿಟ್ಜ್ ನುಡ್ಸೆನ್ ಹೆಸರಿನಲ್ಲಿ ಬರುತ್ತಿದೆ, ಹೊಸ ಹೆಸರು ಕಂಡು ನಕಲಿ ಎಂದು ವಾಪಸ್ ಮಾಡಬೇಡಿ.