ಕಾಂಕ್ರೀಟ್ ನೆಲದ ಮೇಲೆ ಲ್ಯಾಮಿನೇಟ್ ಹಾಕ್ಸೋರು ದಯವಿಟ್ಟು ಇದನ್ನ ಓದಿ

ಮಲೆನಾಡು, ಕರಾವಳಿ ಕಡೆ ನೆಲಮಟ್ಟದ ಮನೆ ಇರೋರು ಯಾರಾದ್ರೂ ಮರದ ಥರ ಕಾಣೋ ಲ್ಯಾಮಿನೇಟ್ ಫ್ಲೋರಿಂಗ್ ಹಾಕ್ಸೋ ಯೋಚನೇಲಿದ್ರೆ ಒಂದು ಮಳೆಗಾಲ ತಡೀರಿ. ನಾವು ತಡೀಲಿಲ್ಲ, ನಾಲ್ಕೇ ತಿಂಗಳಿಗೆ ಪೂರ್ತಿ ಕಿತ್ತು ಹಾಕ್ಬೇಕಾಯ್ತು.

ನಮ್ದು ಶಿವಮೊಗ್ಗ ಜಿಲ್ಲೆ ಸಾಗರದ ಹತ್ರ ಹಳೇ ಮನೆ. ಅಪ್ಪಯ್ಯಂಗೆ ಮಂಡಿನೋವು, ಬೆಳಗಿನ ಜಾವ ಎದ್ದು ರೆಡ್ ಆಕ್ಸೈಡ್ ನೆಲದ ಮೇಲೆ ಕಾಲಿಟ್ರೆ ಥಂಡಿ ಹತ್ತಿ ನೋವು ಇನ್ನೂ ಜಾಸ್ತಿ ಆಗುತ್ತೆ ಅಂತಿದ್ರು, ಅದಕ್ಕೇ ಅವರ ರೂಮಿಗೆ ಮಾತ್ರ, 12 ಅಡಿಗೆ 10 ಅಡಿ, ಲ್ಯಾಮಿನೇಟ್ ಹಾಕ್ಸೋಣ ಅಂತ ಹೊರಟಿದ್ದು. ಬಾತ್‌ರೂಮ್ ಪೈಪ್ ಹಾಯಿಸೋಕೆ ಅಂತ ಹಳೇ ನೆಲ ಒಡೆಸಿ ಫೆಬ್ರವರಿ ಕೊನೇಲಿ 3 ಇಂಚು ಕಾಂಕ್ರೀಟ್ ಹಾಕ್ಸಿದ್ವಿ. ಏಪ್ರಿಲ್ ಮೊದಲ ವಾರಕ್ಕೆ ಅದರ ಮೇಲೆ ಲ್ಯಾಮಿನೇಟ್ ಬಂದು ಕೂತಿತ್ತು, ಆರು ವಾರನೂ ಸರಿಯಾಗಿ ಆಗಿರ್ಲಿಲ್ಲ. ಕೈಯಿಟ್ಟು ನೋಡಿದ್ರೆ ಕಾಂಕ್ರೀಟ್ ಬೆಳ್ಳಗೆ ಒಣಗಿದ ಹಾಗೇ ಇತ್ತು. ಅಮ್ಮ ಆವಾಗ್ಲೇ ಹೇಳಿದ್ರು, "ಮಳೆಗಾಲದಲ್ಲಿ ಈ ಕೋಣೆ ನೆಲ ಒಸರುತ್ತೆ ಕಣೋ, ನಾವು ಗೋಣಿ ಹಾಸ್ಕೊಳ್ತಿದ್ವಿ" ಅಂತ. ಹೊಸ ಕಾಂಕ್ರೀಟ್ ಬಿತ್ತಲ್ಲ, ಇನ್ನೆಲ್ಲಿ ಒಸರುತ್ತೆ ಅಂದ್ಕೊಂಡೆ ನಾನು. ಅಮ್ಮನ ಮಾತು ಕೇಳ್ಬೇಕಿತ್ತು.

ಅಂಗಡಿಯವರು "ಸಾರ್ ಇದು ವಾಟರ್ ರೆಸಿಸ್ಟೆಂಟ್, ನೀರು ಚೆಲ್ಲಿದ್ರೂ ಏನೂ ಆಗಲ್ಲ" ಅಂದ್ರು. ಆ ಮಾತು ಮೇಲಿಂದ ಬೀಳೋ ನೀರಿಗೆ ಮಾತ್ರ. ಮೇಲೆ ಇರೋದು ಗಟ್ಟಿ ಪದರ, ಅದರ ಕೆಳಗೆ ಮರದ ಚಿತ್ರ ಪ್ರಿಂಟ್ ಆಗಿರೋ ಪೇಪರ್, ಒಳಗಡೆ ಇರೋದೆಲ್ಲ ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಎಚ್‌ಡಿಎಫ್. ಅದು ನೀರು ಕುಡಿದು ಒಂದ್ಸಲ ಊದಿಕೊಂಡ್ರೆ ಒಣಗಿಸಿದ್ರೂ ಮೊದಲಿನ ಹಾಗೆ ಆಗಲ್ಲ. ಎಸಿ4 ಅಂತ ಗ್ರೇಡ್ ತೋರಿಸ್ತಾರಲ್ಲ, ಅದು ಮೇಲ್ಮೈ ಎಷ್ಟು ಸವೆತ ತಡೆಯುತ್ತೆ ಅನ್ನೋದಕ್ಕೆ, ಅಡಿಯಿಂದ ಬರೋ ತೇವಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ.

ಹಾಕೋಕೆ ಬಂದ ಹುಡುಗ್ರು ಬೆಳಿಗ್ಗೆ ಬಾಕ್ಸ್ ಇಳಿಸಿ, ಕಾಂಕ್ರೀಟ್ ಮೇಲೆ ನೇರವಾಗಿ 2 ಎಂಎಂ ಫೋಮ್ ಹಾಸಿ, ಹಲಗೆಗಳನ್ನ ಗೋಡೆಗೆ ಅಂಟಿಸಿದ ಹಾಗೆ ಕೂರಿಸಿ ಸಂಜೆಗೆ ಕೆಲಸ ಮುಗಿಸಿ ಹೋದ್ರು. ಪ್ಲಾಸ್ಟಿಕ್ ಶೀಟ್ ಬೇಡ್ವಾ ಅಂತ ಕೇಳಿದ್ದೆ, "ಫೋಮ್ ಇದೆಯಲ್ಲ ಸಾರ್" ಅಂದ್ರು. ಬಾಕ್ಸ್ ಒಳಗಿದ್ದ ಚೀಟೀಲಿ ಎಲ್ಲ ಬರೆದಿತ್ತು: ಹಾಕೋ ಮುಂಚೆ ಹಲಗೆಗಳನ್ನ 48 ಗಂಟೆ ಅದೇ ರೂಮಲ್ಲಿ ಇಡ್ಬೇಕು, ಗೋಡೆ ಸುತ್ತ 10 ಎಂಎಂ ಜಾಗ ಬಿಡ್ಬೇಕು, ಕಾಂಕ್ರೀಟ್ ಆದ್ರೆ ಫೋಮ್ ಅಡಿಗೆ 200 ಮೈಕ್ರಾನ್ ಪಾಲಿಥಿನ್ ಶೀಟ್ ಹಾಸಿ 20 ಸೆಂಟಿಮೀಟರ್ ಒಂದರ ಮೇಲೊಂದು ಬರೋ ಹಾಗೆ ಇಟ್ಟು ಟೇಪ್ ಹಚ್ಬೇಕು. ಆ ಚೀಟಿ ನಾನು ಓದಿದ್ದು ಜುಲೈನಲ್ಲಿ.

ಮೇ ತನಕ ಚೆನ್ನಾಗೇ ಇತ್ತು, ಅಪ್ಪಯ್ಯ ಬರಿಗಾಲಲ್ಲಿ ಖುಷಿಯಾಗಿ ಓಡಾಡ್ತಿದ್ರು. ಜುಲೈ ಎರಡನೇ ವಾರ, ಹತ್ತು ದಿನದಿಂದ ಬಿಡದೆ ಮಳೆ, ಒಂದಿನ ಬಾಗಿಲು ಹಾಕೋಕೆ ಹೋದ್ರೆ ಕೆಳಗೆ ಉಜ್ಜಿ ನಿಂತೇ ಬಿಡ್ತು. ಕೂತು ಕೈಯಾಡಿಸಿದೆ, ಎರಡು ಹಲಗೆ ಸೇರೋ ಜಾಗದಲ್ಲೆಲ್ಲ ಸಣ್ಣ ಏರಿ ಥರ ಬೆರಳಿಗೆ ಸಿಗ್ತಿತ್ತು. ಮಂಚದ ಪಕ್ಕ ಕಾಲಿಟ್ರೆ ನೆಲ ಕೆಳಗೆ ಹೋಗಿ ಮೇಲೆ ಬರ್ತಿತ್ತು. ಅಪ್ಪಯ್ಯ ಅಲ್ಲೇ ಎಡವಿದ್ರು, ಗೋಡೆ ಹಿಡ್ಕೊಂಡಿದ್ದಕ್ಕೆ ಬೀಳ್ಲಿಲ್ಲ. ಅವತ್ತೇ ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ) ಕಿತ್ತು ಮೊದಲನೇ ಹಲಗೆ ಎತ್ತಿದ್ವಿ. ಒದ್ದೆ ಗೋಣಿಚೀಲದ ವಾಸನೆ ಗಪ್ಪಂತ ಬಂತು. ಹಲಗೆ ಬೆನ್ನೆಲ್ಲ ಕಪ್ಪಾಗಿ, ಅದರ ಮೇಲೆ ಬೂದಿ ಚೆಲ್ಲಿದ ಹಾಗೆ ಬೂಷ್ಟು, ಫೋಮ್ ತಿರುಗಿಸಿದ್ರೆ ಅಡೀಲಿ ಸಾಲು ಸಾಲು ನೀರ ಹನಿ. ಆ ರೂಮಲ್ಲಿ ಅಪ್ಪಯ್ಯ ರಾತ್ರಿ ಇಡೀ ಉಸಿರಾಡ್ತಿದ್ರಲ್ಲ ಅಂತ ಹೊಟ್ಟೆ ಉರೀತು.

ಹಾಕಿದವರಿಗೆ ಫೋನ್ ಮಾಡಿದ್ರೆ ಒದ್ದೆ ಬಟ್ಟೇಲಿ ಒರೆಸಿದ್ದೀರಿ ಅಂದ್ರು, ಕಾರ್ಡ್ ತೆಗೆದು ನೋಡಿದ್ರೆ ತೇವದಿಂದ ಆದ ಹಾನಿಗೆ ವಾರಂಟಿನೇ ಇಲ್ಲ. ಸಾಮಾನು, ಕೂಲಿ ಎಲ್ಲ ಸೇರಿ 17 ಸಾವಿರ ಹೋಯ್ತು.

ಆಮೇಲೆ ನಮ್ಮ ಮೇಸ್ತ್ರಿ ಬಂದು ನೋಡಿ ಹೇಳಿದ್ದು ಇಷ್ಟು. ಕಾಂಕ್ರೀಟ್ ಕಲಸಿದ ನೀರೇ ಒಣಗೋಕೆ ಇಂಚಿಗೆ ಒಂದು ತಿಂಗಳು ಬೇಕು, ಅದೂ ಬಿಸಿಲು ಗಾಳಿ ಇದ್ರೆ. ಇನ್ನೊಂದು ನೀರು ಮಣ್ಣಿಂದ ಮೇಲೇರೋದು, ನಮ್ಮ ಹಾಗೆ ಕಾಂಕ್ರೀಟ್ ಅಡಿಗೆ ಪ್ಲಾಸ್ಟಿಕ್ ಹಾಸದೆ ಇದ್ರೆ ಅದು ಪ್ರತಿ ಮಳೆಗಾಲಕ್ಕೂ ಬರುತ್ತೆ. ಟೆಸ್ಟ್ ಏನೂ ಕಷ್ಟ ಇಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ನೆಲಕ್ಕಿಟ್ಟು ನಾಲ್ಕೂ ಕಡೆ ಗಾಳಿ ಹೋಗದ ಹಾಗೆ ಟೇಪ್ ಹಚ್ಚಿ, ಒಂದಿನ ಬಿಟ್ಟು ಎತ್ತಿ ನೋಡಿ. ಅಡೀಲಿ ಹನಿ ಕಟ್ಟಿದ್ರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ರೆ ಲ್ಯಾಮಿನೇಟ್ ಮಾತೇ ಬೇಡ. ಆದ್ರೆ ನಮ್ಮ ಕಡೆ ಈ ಟೆಸ್ಟ್ ಏಪ್ರಿಲಲ್ಲಿ ಮಾತ್ರ ಮಾಡಿದ್ರೆ ಸಾಲಲ್ಲ, ಮಣ್ಣಿಂದ ಏರೋ ತೇವ ಬೇಸಿಗೇಲಿ ಗೊತ್ತಾಗದೇ ಇರಬಹುದು. ಜುಲೈ ಆಗಸ್ಟಲ್ಲಿ ಮಾಡಿ, ಒಂದೇ ಕಡೆ ಅಲ್ಲ, ಹೊರಗೋಡೆ ಪಕ್ಕ ಒಂದು, ನಡುವೆ ಒಂದು. ಕೆಲವರು ಲ್ಯಾಮಿನೇಟ್ ಬದಲು ಎಸ್‌ಪಿಸಿ (ಕಲ್ಲಿನ ಪುಡಿಗೆ ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆ) ಹಾಕ್ಸಿ ಅಂದ್ರು, ಆ ಹಲಗೆ ಊದಲ್ಲ ನಿಜ, ಆದ್ರೆ ಅಡಿ ಸಿಕ್ಕಿಬಿದ್ದ ತೇವ ಎಲ್ಲಿಗೆ ಹೋಗುತ್ತೆ, ಬೂಷ್ಟು ಅಲ್ಲೂ ಬರುತ್ತೆ.

ಈಗಾಗ್ಲೇ ಹಾಕ್ಸಿರೋರು ಒಂದು ಕಡೆ ಸ್ಕರ್ಟಿಂಗ್ ತೆಗೆದು ಮೂಸಿ ನೋಡಿ, ಅಂಚು ಒತ್ತಿ ನೋಡಿ. ನಮ್ಮ ರೂಮಲ್ಲಿ ಈಗ ಬರೀ ಕಾಂಕ್ರೀಟ್, ಮೂರು ಕಡೆ ಪ್ಲಾಸ್ಟಿಕ್ ಅಂಟಿಸಿದೀನಿ, ಹೊರಗೋಡೆ ಪಕ್ಕದ್ದರಲ್ಲಿ ನಿನ್ನೇನೂ ಹನಿ ಇತ್ತು. ಅಪ್ಪಯ್ಯ ಹಾಲಲ್ಲಿ ಮಲಗ್ತಿದಾರೆ, ಮಂಚದ ಪಕ್ಕ ದಪ್ಪ ಜಮಖಾನೆ ಹಾಸಿ ಕೊಟ್ಟಿದೀವಿ.