ದುಡ್ಡು ಸುರಿದರೂ ತಂಡವಾಗಲಿಲ್ಲ: ಮ್ಯಾಂಚೆಸ್ಟರ್ ಯುನೈಟೆಡ್ ಮಾಲೀಕತ್ವದ ವಿಮರ್ಶೆ

ಆಟಗಾರರನ್ನು ಕೊಳ್ಳುವ, ಮಾರುವ ಅವಧಿ, ಅಂದರೆ ಟ್ರಾನ್ಸ್‌ಫರ್ ವಿಂಡೋ ತೆರೆಯಿತೆಂದರೆ ಯುನೈಟೆಡ್ ಅಭಿಮಾನಿಗಳ ಬಾಯಲ್ಲಿ ಒಂದೇ ದೂರು: ಮಾಲೀಕರು ಗಂಟು ಬಿಚ್ಚುತ್ತಿಲ್ಲ. ಈ ದೂರು ಅರ್ಧ ಮಾತ್ರ ನಿಜ. 2013ರಿಂದ ಈಚೆಗೆ ಆಟಗಾರರಿಗಾಗಿ ಈ ಕ್ಲಬ್ಬಿನಷ್ಟು ಖರ್ಚು ಮಾಡಿದವರು ಯುರೋಪಿನಲ್ಲಿ ಬೆರಳೆಣಿಕೆಯಷ್ಟು. ಆದರೆ ಆ ದುಡ್ಡು ಬಂದದ್ದು ಮಾಲೀಕರ ಜೇಬಿನಿಂದಲ್ಲ, ಕ್ಲಬ್ಬಿನ ಗಳಿಕೆಯಿಂದ. ಅದನ್ನು ಖರ್ಚು ಮಾಡಿದವರಿಗೆ ಆಟದ ಕಸುಬು ಗೊತ್ತಿರಲಿಲ್ಲ. ಸಿಟ್ಟು ಯಾವುದರ ಮೇಲೆ ಇರಬೇಕು ಎನ್ನುವುದು ಸ್ಪಷ್ಟವಾಗದೆ ಹೋದರೆ, ಪ್ರತಿ ಆಗಸ್ಟ್‌ನಲ್ಲಿ ಹೊಸ ಸ್ಟ್ರೈಕರ್ ಒಬ್ಬನ ಫೋಟೋ ತೋರಿಸಿ ಆ ಸಿಟ್ಟನ್ನು ತಣಿಸಿಬಿಡುವುದು ಸುಲಭ. ಹಾಗಾಗಿ ಟಿಕೆಟ್‌ಗೆ, ಜರ್ಸಿಗೆ, ಸದಸ್ಯತ್ವಕ್ಕೆ ಹಣ ಕೊಡುವವರ ಕಡೆಯಿಂದ ಈ ಮಾಲೀಕತ್ವವನ್ನು ಲೆಕ್ಕ ಹಿಡಿದು ನೋಡಬೇಕು.

ಮೊದಲು ಸಾಲ. 2005ರಲ್ಲಿ ಅಮೆರಿಕದ ಉದ್ಯಮಿ ಮಾಲ್ಕಮ್ ಗ್ಲೇಜರ್ ಕ್ಲಬ್ಬನ್ನು ಸುಮಾರು 79 ಕೋಟಿ ಪೌಂಡ್ ಬೆಲೆಗೆ ಕೊಂಡರು. ಅದರಲ್ಲಿ ಮೂರನೇ ಎರಡರಷ್ಟು ಸಾಲದ ಹಣ, ಆ ಸಾಲದ ಹೊರೆ ಹೊತ್ತದ್ದು ಕ್ಲಬ್ಬು. ಮನೆ ಕೊಂಡವನು ಬ್ಯಾಂಕಿನ ಕಂತನ್ನು ಬಾಡಿಗೆಯವರಿಂದಲೇ ಕಟ್ಟಿಸಿಕೊಂಡ ಹಾಗೆ. ಅಲ್ಲಿಯವರೆಗೆ ಸಾಲವೇ ಇಲ್ಲದೆ ನಡೆಯುತ್ತಿದ್ದ ಸಂಸ್ಥೆ ಒಂದೇ ಬೇಸಿಗೆಯಲ್ಲಿ ಬಡ್ಡಿ ಕಟ್ಟುವ ಸಂಸ್ಥೆಯಾಯಿತು. ಸಾಲದ ಒಂದು ಭಾಗವನ್ನು ಹೆಡ್ಜ್ ಫಂಡ್‌ಗಳಿಂದ ತಂದಿದ್ದರು. ಅದರ ಬಡ್ಡಿ ಶೇ 14.25, ಆಮೇಲೆ ಶೇ 16.25ಕ್ಕೆ ಏರಿತು. 2010ರಲ್ಲಿ ಸುಮಾರು 50 ಕೋಟಿ ಪೌಂಡ್‌ನ ಬಾಂಡ್ ಬಿಟ್ಟು ಹಳೆಯ ಸಾಲಕ್ಕೆ ಹೊಸ ಸಾಲ ಮಾಡಿದರು. ಕ್ಲಬ್ಬಿನ ಮೈದಾನ ಓಲ್ಡ್ ಟ್ರಾಫರ್ಡ್ ತುಂಬ ಪ್ರತಿಭಟನೆಯ ಹಸಿರು-ಬಂಗಾರದ ಶಾಲು ಕಂಡದ್ದು ಆ ವರ್ಷವೇ. ಅದು ಕ್ಲಬ್ಬು ನ್ಯೂಟನ್ ಹೀತ್ ಎಂಬ ಹೆಸರಿನಲ್ಲಿದ್ದ ಕಾಲದ ಬಣ್ಣ.

2012ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಹೋದಾಗ ಷೇರಿಗೆ 14 ಡಾಲರ್‌ನಂತೆ ಸುಮಾರು 23 ಕೋಟಿ ಡಾಲರ್ ಬಂತು. ಸಾಲ ತೀರಿಸಲು ಬಳಸಿದ್ದು ಅದರಲ್ಲಿ ಅರ್ಧ, ಉಳಿದರ್ಧ ಕುಟುಂಬಕ್ಕೆ. ಬಡ್ಡಿ, ಡಿವಿಡೆಂಡ್, ಸಾಲದ ಇತರ ವೆಚ್ಚ ಎಲ್ಲ ಸೇರಿಸಿದರೆ ಇಷ್ಟು ವರ್ಷಗಳಲ್ಲಿ ಕ್ಲಬ್ಬಿನಿಂದ ಆಚೆ ಹೋದದ್ದು 100 ಕೋಟಿ ಪೌಂಡ್‌ಗೂ ಹೆಚ್ಚು. ಇದಕ್ಕೆ ಪ್ರತಿಯಾಗಿ ಕುಟುಂಬ ಮೈದಾನಕ್ಕೋ ತಂಡಕ್ಕೋ ಸ್ವಂತ ಬಂಡವಾಳ ಹಾಕಿದ್ದು ಹುಡುಕಿದರೂ ಸಿಗುವುದಿಲ್ಲ. ನನ್ನ ಮಟ್ಟಿಗೆ ಈ ಮಾಲೀಕತ್ವದ ಮೇಲಿನ ಅತಿ ದೊಡ್ಡ ಆಕ್ಷೇಪ ಇದೇ. ಸೋತ ಪಂದ್ಯಗಳೆಲ್ಲ ಇದರ ಮುಂದೆ ಚಿಕ್ಕವು.

ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಇದ್ದಷ್ಟು ಕಾಲ ಈ ಸೋರಿಕೆ ಹೊರಗೆ ಕಾಣಲಿಲ್ಲ. 2009ರಲ್ಲಿ ರೊನಾಲ್ಡೊನನ್ನು ರಿಯಲ್ ಮ್ಯಾಡ್ರಿಡ್‌ಗೆ 8 ಕೋಟಿ ಪೌಂಡ್‌ಗೆ ಮಾರಿ, ಬದಲಿಗೆ ತಂದದ್ದು ವೆಲೆನ್ಸಿಯಾ, ಓಬರ್ತಾನ್ ಮತ್ತು ಶುಲ್ಕವಿಲ್ಲದೆ ಬಂದ ಮೈಕಲ್ ಓವನ್‌ನನ್ನು. ಅಂಥ ತಂಡದಲ್ಲೂ ಲೀಗ್ ಗೆದ್ದದ್ದು ಮ್ಯಾನೇಜರ್‌ನ ತಾಕತ್ತು. 2013ರಲ್ಲಿ ಫರ್ಗುಸನ್ ಜೊತೆಗೆ ಮುಖ್ಯ ಕಾರ್ಯನಿರ್ವಾಹಕ ಡೇವಿಡ್ ಗಿಲ್ ಕೂಡ ಹೊರಟರು. ಅಧಿಕಾರ ಎಡ್ ವುಡ್‌ವರ್ಡ್ ಕೈಗೆ ಬಂತು. ಗ್ಲೇಜರ್‌ಗಳ ಖರೀದಿಗೆ ಸಲಹೆ ಕೊಟ್ಟ ಬ್ಯಾಂಕರ್ ಅವರು. ಜಾಹೀರಾತು ಒಪ್ಪಂದ ತರುವುದರಲ್ಲಿ ನಿಜಕ್ಕೂ ಗಟ್ಟಿಗ, ಆದರೆ ಆಟಗಾರರನ್ನು ಕೊಳ್ಳುವ ಅನುಭವ ಇರಲಿಲ್ಲ.

ಆ ಮೊದಲ ಬೇಸಿಗೆಯ ಒಂದು ಖರೀದಿ ನೋಡಿದರೆ ಮುಂದಿನ ಹತ್ತು ವರ್ಷದ ರೋಗವೆಲ್ಲ ಅದರಲ್ಲೇ ಕಾಣುತ್ತದೆ. ಎವರ್ಟನ್‌ನ ಮರುವಾನ್ ಫೆಲೈನಿಯ ಒಪ್ಪಂದದಲ್ಲಿ ಸುಮಾರು 2.35 ಕೋಟಿ ಪೌಂಡ್‌ನ ಬಿಡುಗಡೆಯ ಷರತ್ತು (ರಿಲೀಸ್ ಕ್ಲಾಸ್) ಇತ್ತು, ಜುಲೈ 31ರವರೆಗೆ ಮಾತ್ರ. ಅಷ್ಟು ಕೊಟ್ಟಿದ್ದರೆ ಎವರ್ಟನ್ ಬೇಡ ಎನ್ನುವಂತಿರಲಿಲ್ಲ. ಯುನೈಟೆಡ್ ಗಡುವು ದಾಟಿಸಿ, ವಿಂಡೋ ಮುಚ್ಚುವ ರಾತ್ರಿ ಅದೇ ಆಟಗಾರನಿಗೆ 2.75 ಕೋಟಿ ಕೊಟ್ಟಿತು. ಹೊಸ ಮ್ಯಾನೇಜರ್ ಡೇವಿಡ್ ಮೋಯ್ಸ್ ಬಂದದ್ದೇ ಎವರ್ಟನ್‌ನಿಂದ. ತಡ, ಗಾಬರಿ, ಹೆಚ್ಚು ಬೆಲೆ: ಮೂರೂ ಒಟ್ಟಿಗೆ.

ಆಮೇಲಿನದು ಇದೇ ದಾರಿ. 2014ರಲ್ಲಿ 5.97 ಕೋಟಿ ಪೌಂಡ್ ಕೊಟ್ಟು ತಂದ ಡಿ ಮರಿಯಾ ಒಂದೇ ವರ್ಷಕ್ಕೆ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ಬಿಗೆ ಹೋದ, ನಷ್ಟಕ್ಕೆ. 2012ರಲ್ಲಿ ಕೈಬಿಟ್ಟ ಪೋಗ್ಬಾನನ್ನು 2016ರಲ್ಲಿ 8.9 ಕೋಟಿಗೆ ವಾಪಸು ತಂದು, 2022ರಲ್ಲಿ ಒಂದು ಪೌಂಡೂ ಬಾರದಂತೆ ಮತ್ತೆ ಬಿಟ್ಟುಕೊಟ್ಟರು. ಮ್ಯಾಗ್ವೈರ್‌ನನ್ನು ಲೆಸ್ಟರ್ 2017ರಲ್ಲಿ ಹಲ್ ಸಿಟಿಯಿಂದ ಕೊಂಡದ್ದು ಆರಂಭಿಕ 1.2 ಕೋಟಿಗೆ, ಎರಡೇ ವರ್ಷದಲ್ಲಿ ಯುನೈಟೆಡ್ ಕೊಟ್ಟದ್ದು 8 ಕೋಟಿ. ಅಲೆಕ್ಸಿಸ್ ಸಾಂಚೆಸ್‌ಗೆ ಶುಲ್ಕ ಇರಲಿಲ್ಲ, ಮ್ಖಿತರ್ಯಾನ್‌ನನ್ನು ಕೊಟ್ಟು ತಂದದ್ದು. ಆದರೆ ಆತನ ಸಂಬಳ ತಂಡದ ಉಳಿದವರೆಲ್ಲರ ಸಂಬಳದ ಅಳತೆಯನ್ನೇ ಕೆಡಿಸಿತು, ಸಿಕ್ಕಿದ್ದು 45 ಪಂದ್ಯಗಳಲ್ಲಿ 5 ಗೋಲು. ಶುಲ್ಕವಿಲ್ಲದೆ ಬಂದ ಎಂದು ಖುಷಿಪಡುವ ಮುನ್ನ ಸಂಬಳ ನೋಡಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಸ್ಟ್ರೈಕರ್ ವಿಷಯದಲ್ಲಂತೂ ಯೋಜನೆ ಎನ್ನುವುದೇ ಇರಲಿಲ್ಲ. 2019ರಲ್ಲಿ ಲುಕಾಕುನನ್ನು ಮಾರಿ ಬದಲಿ ತರಲಿಲ್ಲ, ಜನವರಿಯಲ್ಲಿ ಶಾಂಘೈಯಿಂದ ಇಘಾಲೋನನ್ನು ಎರವಲಿಗೆ ತಂದರು. 2022ರ ನವೆಂಬರ್‌ನಲ್ಲಿ 2021ರಲ್ಲಿ ವಾಪಸು ಬಂದಿದ್ದ ರೊನಾಲ್ಡೊ ಹೊರಬಿದ್ದ, ಮತ್ತೆ ಜನವರಿಯಲ್ಲಿ ವೆಗ್‌ಹೋರ್ಸ್ಟ್ ಎರವಲಿಗೆ. ಫುಟ್‌ಬಾಲ್ ನಿರ್ದೇಶಕ ಎಂಬ ಹುದ್ದೆ ಹುಟ್ಟಿದ್ದು 2021ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಮೋಯ್ಸ್, ವಾನ್ ಹಾಲ್, ಮೊರಿನ್ಯೊ, ಸೋಲ್ಶರ್ ನಾಲ್ವರು ಮ್ಯಾನೇಜರ್‌ಗಳೂ ನಾಲ್ಕು ಬಗೆಯ ಆಟಕ್ಕೆ ಆಟಗಾರರನ್ನು ಕೇಳಿದ್ದರು. ಒಬ್ಬರ ಆಟಕ್ಕೆ ಕೊಂಡವರು ಮುಂದಿನವರ ಆಟಕ್ಕೆ ಹೊಂದುತ್ತಿರಲಿಲ್ಲ. ಹೊಂದದವರನ್ನು ಮಾರಲೂ ಆಗುತ್ತಿರಲಿಲ್ಲ.

ಏಕೆ ಮಾರಲು ಆಗುವುದಿಲ್ಲ? ಇದು ಅಭಿಮಾನಿಗಳು ಬಹಳ ಸಲ ತಪ್ಪು ತಿಳಿಯುವ ಜಾಗ. ಟ್ರಾನ್ಸ್‌ಫರ್ ಶುಲ್ಕವನ್ನು ಲೆಕ್ಕಪತ್ರದಲ್ಲಿ ಒಪ್ಪಂದದ ವರ್ಷಗಳಿಗೆ ಸಮನಾಗಿ ಹಂಚುತ್ತಾರೆ. 2022ರಲ್ಲಿ ಅಯಾಕ್ಸ್‌ನಿಂದ ಬಂದ ಆಂಟನಿಯನ್ನೇ ತೆಗೆದುಕೊಳ್ಳಿ. ಆಡ್-ಆನ್ (ಷರತ್ತು ಈಡೇರಿದರೆ ಆಮೇಲೆ ಕೊಡುವ ಹೆಚ್ಚುವರಿ ಹಣ) ಬಿಟ್ಟು 9.5 ಕೋಟಿ ಯೂರೋ, 5 ವರ್ಷದ ಒಪ್ಪಂದ. ಅಂದರೆ ವರ್ಷಕ್ಕೆ 1.9 ಕೋಟಿ ಖರ್ಚು. ಮೂರು ವರ್ಷ ಕಳೆದಾಗ ಪುಸ್ತಕದಲ್ಲಿ ಇನ್ನೂ 3.8 ಕೋಟಿ ಬಾಕಿ. 2025ರಲ್ಲಿ ರಿಯಲ್ ಬೆಟಿಸ್ ಕೊಟ್ಟದ್ದು 2.2 ಕೋಟಿ, ಮೇಲೆ ಒಂದಿಷ್ಟು ಆಡ್-ಆನ್. ಸ್ಥೂಲವಾಗಿ 1.6 ಕೋಟಿ ಯೂರೋ ನಷ್ಟವನ್ನು ಆ ವರ್ಷವೇ ಬರೆದುಕೊಳ್ಳಬೇಕು. ಒಂದು ವರ್ಷ ಮೊದಲೇ ಇದೇ ಬೆಲೆಗೆ ಮಾರಿದ್ದರೆ ನಷ್ಟ ಇನ್ನೂ ದೊಡ್ಡದು. ಪ್ರೀಮಿಯರ್ ಲೀಗ್‌ನ ಪಿಎಸ್‌ಆರ್ (ಲಾಭ ಮತ್ತು ಸುಸ್ಥಿರತೆ) ನಿಯಮ ಮೂರು ವರ್ಷಕ್ಕೆ ಒಟ್ಟು 10.5 ಕೋಟಿ ಪೌಂಡ್ ನಷ್ಟಕ್ಕೆ ಮಾತ್ರ ಅವಕಾಶ ಕೊಡುತ್ತಿದ್ದಾಗ, ಹೆಚ್ಚು ಬೆಲೆಗೆ ತಂದ ಆಟಗಾರ ಚೆನ್ನಾಗಿ ಆಡದಿದ್ದರೂ ಬೆಂಚಿನಲ್ಲೇ ಉಳಿಯುತ್ತಿದ್ದ.

ಇದರ ಇನ್ನೊಂದು ಮುಖ ನೋವಿನದು. ಅಕಾಡೆಮಿಯಲ್ಲಿ ಬೆಳೆದ ಹುಡುಗನಿಗೆ ಪುಸ್ತಕದಲ್ಲಿ ಬೆಲೆಯೇ ಇರುವುದಿಲ್ಲ, ಮಾರಿದರೆ ಬಂದದ್ದೆಲ್ಲ ಲಾಭ. ಆದ್ದರಿಂದ ಲೆಕ್ಕ ಸರಿಮಾಡಲು ಮೊದಲು ಹೋಗುವವರು ಮನೆಮಕ್ಕಳೇ. ಬಾಲ್ಯದಿಂದ ಕ್ಲಬ್ಬಿನಲ್ಲೇ ಬೆಳೆದ ಸ್ಕಾಟ್ ಮ್ಯಾಕ್‌ಟೊಮಿನೆ 2024ರಲ್ಲಿ ನಾಪೋಲಿಗೆ ಸುಮಾರು 3 ಕೋಟಿ ಯೂರೋಗೆ ಹೋದ. ಮೊದಲ ವರ್ಷವೇ ಇಟಲಿಯ ಲೀಗ್ ಗೆದ್ದು, ಆ ಲೀಗಿನ ವರ್ಷದ ಅತ್ಯುತ್ತಮ ಆಟಗಾರ ಎನಿಸಿಕೊಂಡ. ಅದೇ ವರ್ಷ ಯುನೈಟೆಡ್ 42 ಅಂಕ ಗಳಿಸಿ 15ನೇ ಸ್ಥಾನಕ್ಕೆ ಬಿತ್ತು, ಬಿಲ್ಬಾವೊದಲ್ಲಿ ಯುರೋಪಾ ಲೀಗ್ ಫೈನಲ್ ಕೂಡ ಟಾಟನ್‌ಹ್ಯಾಮ್‌ಗೆ ಸೋತಿತು.

ಪುಸ್ತಕದ ಲೆಕ್ಕ ಬೇರೆ, ಕೈಯಲ್ಲಿನ ನಗದು ಬೇರೆ. ಶುಲ್ಕವನ್ನು ಮಾರುವ ಕ್ಲಬ್ಬಿಗೆ ಕಂತಿನಲ್ಲಿ ಕೊಡುತ್ತಾರೆ, ಆಟಗಾರ ಬೇರೆಡೆ ಹೋದ ಮೇಲೂ ಕಂತು ನಿಲ್ಲುವುದಿಲ್ಲ. 2025ರ ಮಾರ್ಚ್‌ನಲ್ಲಿ ಸಹಮಾಲೀಕ ಜಿಮ್ ರ್‍ಯಾಟ್‌ಕ್ಲಿಫ್ ಸಂದರ್ಶನದಲ್ಲಿ ಒಪ್ಪಿಕೊಂಡದ್ದು ಇದನ್ನೇ: ಆಂಟನಿ, ಕಾಸೆಮಿರೊ, ಒನಾನಾ, ಹೋಯ್ಲುಂಡ್, ಸಾಂಚೊ ಇವರೆಲ್ಲರ ಶುಲ್ಕದ ಹಣ ಇನ್ನೂ ಕಟ್ಟುವುದಿದೆ. ಸಾಂಚೊ ಆಗ ಚೆಲ್ಸಿಯ ಜರ್ಸಿಯಲ್ಲಿದ್ದ. ಕ್ಲಬ್ಬು ನ್ಯೂಯಾರ್ಕ್‌ನಲ್ಲಿ ನೋಂದಾಯಿಸಿರುವುದರಿಂದ ಮೂರು ತಿಂಗಳಿಗೊಮ್ಮೆ ಲೆಕ್ಕ ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ಮೂರು ಸಾಲು ಸಾಕು: ಬಡ್ಡಿ ವೆಚ್ಚ, ಆಟಗಾರರ ಶುಲ್ಕದ ವಾರ್ಷಿಕ ಹಂಚಿಕೆ, ಬೇರೆ ಕ್ಲಬ್ಬುಗಳಿಗೆ ಕೊಡಬೇಕಾದ ಬಾಕಿ. ಪತ್ರಿಕೆಗಳಲ್ಲಿ ಬರುವ ‘ಈ ಬೇಸಿಗೆಯ ಬಜೆಟ್’ ಎಂಬ ಅಂಕಿಗಿಂತ ಈ ಮೂರು ಹೆಚ್ಚು ಸತ್ಯ ಹೇಳುತ್ತವೆ.

ಒಳ್ಳೆಯದು ಏನೂ ಇಲ್ಲವೇ? ಇದೆ. 2020ರ ಜನವರಿಯಲ್ಲಿ ಬಂದ ಬ್ರೂನೊ ಫರ್ನಾಂಡಿಸ್ ಕೊಟ್ಟ ಪ್ರತಿ ಪೌಂಡಿಗೂ ದುಡಿದಿದ್ದಾನೆ. 2024ರ ಎಫ್‌ಎ ಕಪ್ ಅನ್ನು ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿ ಗೆದ್ದದ್ದು ಅಕಾಡೆಮಿಯ ಗಾರ್ನಾಚೊ ಮತ್ತು ಮೈನೂ ಹೊಡೆದ ಗೋಲುಗಳಿಂದ.

2024ರ ಫೆಬ್ರವರಿಯಲ್ಲಿ ರಾಸಾಯನಿಕ ಕಂಪನಿ ಇನಿಯೋಸ್‌ನ ರ್‍ಯಾಟ್‌ಕ್ಲಿಫ್ ಷೇರಿಗೆ 33 ಡಾಲರ್‌ನಂತೆ ಕಾಲು ಪಾಲಿಗಿಂತ ತುಸು ಹೆಚ್ಚು ಕೊಂಡು ಆಟದ ಆಡಳಿತ ವಹಿಸಿಕೊಂಡಾಗ ಆಸೆ ಹುಟ್ಟಿತ್ತು. ಇಲ್ಲೂ ಒಂದು ವಿವರ ಗಮನಿಸಬೇಕು: 100 ಕೋಟಿ ಡಾಲರ್‌ಗೂ ಮೀರಿದ ಈ ವ್ಯವಹಾರದಲ್ಲಿ ಕ್ಲಬ್ಬಿನ ಬೊಕ್ಕಸಕ್ಕೆ ಬಂದದ್ದು 30 ಕೋಟಿ ಮಾತ್ರ, ಉಳಿದದ್ದು ಷೇರು ಮಾರಿದವರಿಗೆ. ಹಳೆಯ ಸಾಲ ಅಲ್ಲೇ ಉಳಿಯಿತು. ಮೊದಲ ನಿರ್ಧಾರಗಳೂ ದುಬಾರಿ. ಮ್ಯಾನೇಜರ್ ಟೆನ್ ಹಾಗ್ ಒಪ್ಪಂದವನ್ನು ಜುಲೈನಲ್ಲಿ ವಿಸ್ತರಿಸಿ ಅಕ್ಟೋಬರ್‌ನಲ್ಲಿ ಕಿತ್ತುಹಾಕಿದರು, ಅದಕ್ಕೆ ಸುಮಾರು ಒಂದು ಕೋಟಿ ಪೌಂಡ್ ಪರಿಹಾರ. ಅವರ ಜಾಗಕ್ಕೆ ಅಮೊರಿಮ್‌ನನ್ನು ಪೋರ್ಚುಗಲ್‌ನ ಸ್ಪೋರ್ಟಿಂಗ್‌ನಿಂದ ಬಿಡಿಸಿಕೊಳ್ಳಲು ಅಷ್ಟೇ ಮೊತ್ತ. ತಿಂಗಳುಗಟ್ಟಲೆ ಕಾದು ತಂದ ಕ್ರೀಡಾ ನಿರ್ದೇಶಕ ಡ್ಯಾನ್ ಆ್ಯಶ್‌ವರ್ತ್ ಐದು ತಿಂಗಳಿಗೆ ಹೊರಟರು. ಇದೇ ಹೊತ್ತಿನಲ್ಲಿ ಉಳಿತಾಯದ ಹೆಸರಿನಲ್ಲಿ 250 ನೌಕರರ ಕೆಲಸ ಹೋಯಿತು, ಮುಂದಿನ ವರ್ಷ ಇನ್ನೂ 200ರವರೆಗೆ ಕಡಿತ ಎಂದು ಪ್ರಕಟಿಸಿದರು. ಮೇಲಿನವರ ತಪ್ಪಿನ ಬಿಲ್ಲನ್ನು ಟಿಕೆಟ್ ಕೌಂಟರಿನವರು, ಅಡುಗೆಮನೆಯವರು ಕಟ್ಟುವುದು ಅನ್ಯಾಯ. 2025ರ ಬೇಸಿಗೆಯಲ್ಲಿ ಕುನ್ಯಾ, ಎಂಬ್ಯೂಮೊ, ಶೆಶ್ಕೊ ಎಂದು ದಾಳಿಯ ಸಾಲನ್ನೇ ಹೊಸದಾಗಿ ಕಟ್ಟಿದ್ದು, ಒಂದು ಆಟಕ್ಕೆ ತಕ್ಕಂತೆ ಕೊಂಡದ್ದು ಎನ್ನುವ ಮಟ್ಟಿಗೆ ಸುಧಾರಣೆಯೇ.

ಅಭಿಮಾನಿಯ ಜೇಬಿಗೆ ನೇರವಾಗಿ ಕೈಹಾಕಿದ್ದು 2024ರ ಕೊನೆಯಲ್ಲಿ. ಸೀಸನ್ ನಡುವೆಯೇ, ಉಳಿದಿದ್ದ ಸದಸ್ಯರ ಟಿಕೆಟ್‌ಗೆಲ್ಲ ಒಂದೇ ದರ, 66 ಪೌಂಡ್. ಮಕ್ಕಳಿಗೂ ಹಿರಿಯರಿಗೂ ರಿಯಾಯಿತಿ ಇರಲಿಲ್ಲ. ಅದಕ್ಕೂ ಮೊದಲು ಮಕ್ಕಳ ಟಿಕೆಟ್ 25 ಪೌಂಡಿನಿಂದ ಶುರುವಾಗುತ್ತಿತ್ತು. ಇದರಿಂದ ಬರುವ ಹೆಚ್ಚುವರಿ ಹಣ ಕ್ಲಬ್ಬಿನ ಖರ್ಚಿನ ಮುಂದೆ ಚಿಕ್ಕದು, ಅಪ್ಪನ ಜೊತೆ ಬರುವ ಮಗು ಮಾತ್ರ ಬರದೆ ಉಳಿಯುತ್ತದೆ. 2025ರ ಮಾರ್ಚ್ 9ರಂದು ಆರ್ಸೆನಲ್ ಪಂದ್ಯಕ್ಕೆ ಕಪ್ಪು ಬಟ್ಟೆ ತೊಟ್ಟು ಮೆರವಣಿಗೆ ಬಂದವರ ಸಿಟ್ಟಿನಲ್ಲಿ ಇದೂ ಸೇರಿತ್ತು.

ನಮ್ಮೂರಿಂದ ಪಂದ್ಯ ನೋಡಲು ಹೋಗುವವರಿಗೆ ಎರಡು ಮಾತು. ಅಧಿಕೃತ ಸದಸ್ಯತ್ವ ಕೊಂಡರೆ ಟಿಕೆಟ್ ಸಿಕ್ಕಿತು ಎಂದಲ್ಲ, ಟಿಕೆಟ್ ಕೇಳುವ ಅರ್ಹತೆ ಸಿಕ್ಕಿತು ಅಷ್ಟೇ. ಹೋಗುವ ಪ್ರತಿಯೊಬ್ಬರಿಗೂ ಪ್ರತ್ಯೇಕ ಸದಸ್ಯತ್ವ ಇರಲಿ. ಟಿವಿ ಪ್ರಸಾರಕ್ಕಾಗಿ ಶನಿವಾರದ ಪಂದ್ಯ ಭಾನುವಾರಕ್ಕೋ ಸೋಮವಾರಕ್ಕೋ ಸರಿಯುವುದು ಸಾಮಾನ್ಯ, ಆದ್ದರಿಂದ ವಿಮಾನ ಕಾಯ್ದಿರಿಸುವಾಗ ಹಿಂದೆ ಮುಂದೆ ಎರಡು ದಿನ ಬಿಡಿ. ಬ್ಲ್ಯಾಕ್‌ನಲ್ಲಿ ಟಿಕೆಟ್ ಮಾರುವುದು ಇಂಗ್ಲೆಂಡಿನಲ್ಲಿ 1994ರ ಕಾನೂನಿನಡಿ ಅಪರಾಧ. ಅಂಥ ಟಿಕೆಟ್ ಗೇಟಿನಲ್ಲಿ ನಿಂತುಹೋದರೆ ಹಣ ಹಿಂದೆ ಕೇಳಲು ಯಾರೂ ಇರುವುದಿಲ್ಲ.

ಜರ್ಸಿ ಕೊಂಡರೆ ತಂಡಕ್ಕೆ ಸಹಾಯ ಎಂಬ ನಂಬಿಕೆಯನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು. ಅಡಿಡಾಸ್ ಒಪ್ಪಂದ 10 ವರ್ಷಕ್ಕೆ ಕನಿಷ್ಠ 90 ಕೋಟಿ ಪೌಂಡ್. ಚಾಂಪಿಯನ್ಸ್ ಲೀಗ್ ತಪ್ಪಿದ ಪ್ರತಿ ವರ್ಷ ಅದರಲ್ಲಿ ಒಂದು ಕೋಟಿ ಕಡಿತ. ಅಂದರೆ ಒಂದು ಕೆಟ್ಟ ಸೀಸನ್ ನುಂಗುವ ಹಣವನ್ನು ನಾವು ಕೊಳ್ಳುವ ಜರ್ಸಿಗಳು ತುಂಬಿಕೊಡಲಾರವು. ಷೇರು ಕೊಳ್ಳುವ ಯೋಚನೆಯೂ ಬೇಡ, ದನಿ ಸಿಗಲಿ ಎಂಬ ಕಾರಣಕ್ಕಾದರೆ. ಪೇಟೆಯಲ್ಲಿ ಸಿಗುವ ಎ ದರ್ಜೆಯ ಷೇರಿಗೆ ಒಂದು ಮತ, ಕುಟುಂಬದ ಬಿ ದರ್ಜೆಗೆ ಹತ್ತು.

ಮುಂದೆ ಕಣ್ಣಿಡಬೇಕಾದ್ದು ಸ್ಟ್ರೈಕರ್ ಯಾರು ಬರುತ್ತಾನೆ ಎನ್ನುವುದರ ಮೇಲಲ್ಲ. 2015ರಲ್ಲಿ ಶೇ 3.79ರ ಬಡ್ಡಿಗೆ ಎತ್ತಿದ 42.5 ಕೋಟಿ ಡಾಲರ್ ಬಾಂಡ್‌ನ ಗಡುವು 2027. ಅದಕ್ಕೆ ಬದಲಾಗಿ ಬರುವ ಸಾಲಕ್ಕೆ ಅಷ್ಟು ಅಗ್ಗದ ಬಡ್ಡಿ ಸಿಗುವುದು ಕಷ್ಟ. ಇದರ ಮೇಲೆ 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ಒಂದು ಲಕ್ಷ ಆಸನದ ಹೊಸ ಸ್ಟೇಡಿಯಂ, ಅಂದಾಜು 200 ಕೋಟಿ ಪೌಂಡ್. ಆ ಹಣದಲ್ಲಿ ಮಾಲೀಕರ ಸ್ವಂತ ಬಂಡವಾಳ ಎಷ್ಟು, ಕ್ಲಬ್ಬಿನ ಹೆಸರಿನ ಸಾಲ ಎಷ್ಟು ಎಂದು ಅಭಿಮಾನಿ ಟ್ರಸ್ಟ್ ಈಗಲೇ ಲಿಖಿತವಾಗಿ ಕೇಳಬೇಕು, ಮೊದಲ ಕಲ್ಲು ಬೀಳುವ ಮುಂಚೆ.